ಬಂಗಾರದ ಕಿವಿಯ ಹಿರಿಯರಿಗೆ ಒಂದು ಬಹಿರಂಗ ಪತ್ರ

ಬಂಗಾರದ ಕಿವಿಯ ಹಿರಿಯರ ಸನ್ನಿಧಾನಕ್ಕೆ ತಗಡಿನ ಕಿವಿಯವನ ಸಾಷ್ಟಾಂಗ ನಮಸ್ಕಾರಗಳು.

ನಮ್ಮ ಅಕ್ಕನ ಮಗ ಈಚೆಗೆ ಒಂದು ಸೆಕೆಂಡ್ ಹ್ಯಾಂಡ್ ಹೆಡ್‌ಫೋನ್ ತಂದ. ಹೈಫೈಮ್ಯಾನ್ ಕಂಪನಿಯ ಎಚ್‌ಇ-6. ಫೋನಿಗೆ ಹೆಡ್‌ಫೋನ್ ಜೋಡಿಸುವ ಪುಟ್ಟ ಡಾಂಗಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ಏರಿಸಿದರೂ ಗಂಗೂಬಾಯಿ ಹಾನಗಲ್ಲರು ಪಕ್ಕದ ಬೀದಿಯಿಂದ ಹಾಡಿದ ಹಾಗೆ ಕೇಳಿಸಿತಂತೆ. ಪಾಪದ ಹುಡುಗ, ಬಲ್ಲವರನ್ನು ಕೇಳೋಣ ಎಂದು ತಮ್ಮಲ್ಲಿಗೆ ಬಂದ. ತಾವು ಎರಡು ನಿಮಿಷ ಕಣ್ಣು ಮುಚ್ಚಿ ಕೂತು, ಆಮೇಲೆ ಕಣ್ಣು ತೆರೆದು, "ಇದಕ್ಕೆ ನ್ಯಾಯ ಸಲ್ಲಬೇಕಂದ್ರ ಇದರ ಹತ್ತು ಪಟ್ಟು ಬೆಲೀ ಆಂಪ್ಲಿಫೈಯರ್ ಬೇಕೋ ತಮ್ಮಾ" ಎಂದು ಅಪ್ಪಣೆ ಕೊಡಿಸಿದಿರಿ. ಹುಡುಗ ಮನೆಗೆ ಬಂದವನೇ ಪರ್ಸನಲ್ ಲೋನಿನ ಕಂತು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕತೊಡಗಿದ. ಅವನಿಗೆ ಗುರುವಾಕ್ಯದಲ್ಲಿ ಅಷ್ಟು ನಂಬಿಕೆ. ನನಗೂ ನಂಬಿಕೆ ಇದೆ. ಆದರೆ ಅದೇ ಕಾಗದದ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ ಮಾಡಿ ನೋಡಿದೆ. ಅದನ್ನು ತಮ್ಮ ಅವಗಾಹನೆಗೆ ತರುವುದೇ ಈ ಪತ್ರದ ಉದ್ದೇಶ.

ಮೊದಲಿಗೆ ತಮ್ಮ ಕಿವಿಗೊಂದು ಶರಣು. ಹಳೆಯ ಆಂಪ್ ತೆಗೆದು ಹೊಸದು ಹಾಕಿದ ದಿನ ಎಷ್ಟು ವ್ಯತ್ಯಾಸ ಬಂತೆಂದರೆ ಅಡುಗೆಮನೆಯಲ್ಲಿದ್ದ ಮನೆಯವರು ಕೂಡ "ಇವತ್ತೇನು, ತಂಬೂರಿ ಇಷ್ಟು ಚೆನ್ನಾಗಿ ಕೇಳ್ತಿದೆ?" ಎಂದು ಬಂದು ವಿಚಾರಿಸಿದರು ಎಂದು ತಾವೇ ಹೇಳಿದ್ದೀರಿ. ಹೆಡ್‌ಫೋನು ಆಗ ತಮ್ಮ ತಲೆಯ ಮೇಲಿತ್ತು. ಇಂಥ ದಾಂಪತ್ಯದ ಎದುರು ವಿಜ್ಞಾನ ಏನು ಮಾಡೀತು? ಆದರೂ ನಮ್ಮಂಥವರ ಮನೆಯಲ್ಲಿ ಅಡುಗೆಮನೆಯಿಂದ "ಕರೆಂಟ್ ಬಿಲ್ ಕಟ್ಟಿದ್ರಾ?" ಎಂಬ ಮಾತು ಮಾತ್ರ ಬರುವುದರಿಂದ, ಅಂಕಿಗಳನ್ನೇ ನಂಬಿ ಬದುಕಬೇಕಾಗಿದೆ.

ಆ ಅಂಕಿಗಳಲ್ಲಿ ದೊಡ್ಡ ಗುಟ್ಟೇನೂ ಇಲ್ಲ. ಹೆಡ್‌ಫೋನಿಗೆ ಒಂದು ಮಿಲಿವ್ಯಾಟ್ ಕೊಟ್ಟರೆ ಅದು ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಎಂಬುದನ್ನು ಕಂಪನಿಯವರೇ ಬರೆದಿರುತ್ತಾರೆ. ಮಾಮೂಲಿ ಹೆಡ್‌ಫೋನುಗಳಲ್ಲಿ ಅದು 100ರ ಆಸುಪಾಸು. ಎಚ್‌ಇ-6ರಲ್ಲಿ 83.5. ಈ ಹದಿನಾರೂವರೆ ಡೆಸಿಬೆಲ್ ಕೊರತೆ ಕಾಗದದ ಮೇಲೆ ಸಣ್ಣದಾಗಿ ಕಾಣುತ್ತದೆ. ಆದರೆ ಡೆಸಿಬೆಲ್ಲಿನ ಲೆಕ್ಕವೇ ಹಾಗೆ, 3 ಡೆಸಿಬೆಲ್ ಏರಿಸಲು ಶಕ್ತಿ ಎರಡು ಪಟ್ಟು ಬೇಕು, 10 ಏರಿಸಲು ಹತ್ತು ಪಟ್ಟು. ಹದಿನಾರೂವರೆ ಎಂದರೆ ಸುಮಾರು 45 ಪಟ್ಟು. ಹುಡುಗನ ಡಾಂಗಲ್ ಕೈಚೆಲ್ಲಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಎಷ್ಟು ಬೇಕು? ಹಾಡಿನ ನಡುವೆ ತಬಲಾದ ಒಂದು ಪೆಟ್ಟು, ವಾದ್ಯಮೇಳದ ಒಂದು ಅಬ್ಬರ 110 ಡೆಸಿಬೆಲ್ ಮುಟ್ಟಬಹುದು ಎಂದು ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಅದು ಕ್ಷಣಮಾತ್ರದ ಶಿಖರ. ದಿನವಿಡೀ ಆ ಮಟ್ಟದಲ್ಲಿ ಕೇಳುವವರು ಬೇಗನೆ ಆಂಪಿನ ಚಿಂತೆಯಿಂದ ಮುಕ್ತರಾಗಿ ಶ್ರವಣ ಸಾಧನದ ಅಂಗಡಿಗೆ ಹೋಗುತ್ತಾರೆ. (ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 40 ಗಂಟೆ ಕೇಳುವ ವಯಸ್ಕರಿಗೆ 80 ಡೆಸಿಬೆಲ್ ಸಾಕು ಎನ್ನುತ್ತದೆ. ಆ ಸಂಸ್ಥೆಯವರ ಕಿವಿಯೂ ತಗಡಿನದೇ ಇರಬೇಕು.) ಎಚ್‌ಇ-6ನ್ನು 110ಕ್ಕೆ ಎಬ್ಬಿಸಲು ಸುಮಾರು 450 ಮಿಲಿವ್ಯಾಟ್ ಬೇಕು. ಅದರ ರೋಧ 50 ಓಮ್. ಓಮನ ನಿಯಮವನ್ನು ಹತ್ತನೇ ಕ್ಲಾಸಿನ ಹುಡುಗನಿಗೆ ಕೊಟ್ಟರೆ ಅವನು 4.7 ವೋಲ್ಟ್, 95 ಮಿಲಿಆಂಪಿಯರ್ ಎಂದು ಬರೆದುಕೊಡುತ್ತಾನೆ. ಅರ್ಧ ವ್ಯಾಟ್ ಕೂಡ ಇಲ್ಲ, ಸ್ವಾಮಿ. ಗಣಪತಿ ಪೆಂಡಾಲಿನ ಆಂಪ್ಲಿಫೈಯರ್ ಮೈಕ್ ಟೆಸ್ಟಿಂಗ್‌ನಲ್ಲೇ ಇದಕ್ಕಿಂತ ಜಾಸ್ತಿ ಉಗುಳುತ್ತದೆ.

ಇಲ್ಲಿ ತಾವು ಹುಡುಗನಿಗೆ ಹೇಳಿದ ಇನ್ನೊಂದು ಮಾತು ನೆನಪಾಗುತ್ತದೆ: "ಓಮ್ ಜಾಸ್ತಿ ಇದ್ದಷ್ಟೂ ಹೆಡ್‌ಫೋನಿಗೆ ಹಸಿವು ಜಾಸ್ತಿ." ಜರ್ಮನಿಯ ಬೇಯರ್‌ಡೈನಾಮಿಕ್ ಕಂಪನಿಯವರನ್ನೇ ಸಾಕ್ಷಿಗೆ ಕರೆಯೋಣ. 1937ರಲ್ಲೇ ಡಿಟಿ 48 ಎಂಬ ಡೈನಾಮಿಕ್ ಹೆಡ್‌ಫೋನ್ ಮಾಡಿದ ಹಳೆಯ ಮನೆತನ. ಅವರ ಡಿಟಿ 880 ಎಂಬುದು 32, 250, 600 ಓಮ್ ಎಂದು ಬೇರೆ ಬೇರೆ ಅವತಾರಗಳಲ್ಲಿ ಬಂದಿದೆ. ಈ 600 ಓಮಿನದು ಒಂದು ಮಿಲಿವ್ಯಾಟಿಗೆ 96 ಡೆಸಿಬೆಲ್ ಕೊಡುತ್ತದೆ. 110 ಮುಟ್ಟಲು 25 ಮಿಲಿವ್ಯಾಟ್ ಸಾಕು, ಅದಕ್ಕೆ 3.9 ವೋಲ್ಟ್ ಬೇಕು, ಕರೆಂಟು ಬರೀ ಆರೂವರೆ ಮಿಲಿಆಂಪಿಯರ್. ವೋಲ್ಟಿನಲ್ಲಿ ಇಬ್ಬರೂ ಹೆಚ್ಚುಕಮ್ಮಿ ಒಂದೇ, ಕರೆಂಟಿನಲ್ಲಿ ಒಂದಕ್ಕೆ ಹದಿನೈದರ ಅಂತರ. 600 ಓಮಿನವರು ಮದುವೆಮನೆಯಲ್ಲಿ ಮೊದಲ ಪಂಕ್ತಿಯೇ ಬೇಕೆಂದು ಹಟ ಹಿಡಿದು, ಕೂತ ಮೇಲೆ ಎರಡು ತುತ್ತು ಉಂಡು ಏಳುವ ಜಾತಿ. ಎಚ್‌ಇ-6 ಅದೇ ಪಂಕ್ತಿಯಲ್ಲಿ ಕೂತು ಹೋಳಿಗೆಯ ಬುಟ್ಟಿಯನ್ನೇ ಬರಿದು ಮಾಡುವ ಆಸಾಮಿ. ಇವರಿಬ್ಬರಿಗೂ ಒಂದೇ ಮಂತ್ರ ಹೇಳಿ ಒಂದೇ ಆಂಪ್ ತೋರಿಸುವ ತಮ್ಮ ಸಮದರ್ಶಿತ್ವ ದೊಡ್ಡದು.

ಸೆನ್‌ಹೈಸರ್ ಎಚ್‌ಡಿ 600ರ ಕಥೆ ತಮಗೆ ಇನ್ನೂ ಬೇಸರ ತರಿಸೀತು. 1997ರಲ್ಲಿ ಬಂದ 300 ಓಮಿನ ಈ ಹೆಡ್‌ಫೋನನ್ನು "ಒಳ್ಳೇ ಆಂಪ್ ಇಲ್ಲದೆ ಮುಟ್ಟಲೇಬಾರದು" ಎಂದು ಮಡಿಯಲ್ಲಿಟ್ಟು ಕಾಪಾಡಿದವರು ತಮ್ಮ ಪೀಳಿಗೆಯವರು. ಒಂದು ಮಿಲಿವ್ಯಾಟಿಗೆ 97 ಡೆಸಿಬೆಲ್ ಅದರದ್ದು. ಅಮೆರಿಕದಲ್ಲಿ ಆಪಲ್ ಕಂಪನಿ 9 ಡಾಲರಿಗೆ ಮಾರುವ, ಕಿರುಬೆರಳಿನಷ್ಟಿರುವ ಬಿಳಿ ಡಾಂಗಲ್ ಸುಮಾರು 1 ವೋಲ್ಟ್ ಕೊಡುತ್ತದೆ. (ಯುರೋಪಿನ ಆವೃತ್ತಿ ಅದರ ಅರ್ಧ, ಕೆಲವು ಆಂಡ್ರಾಯ್ಡ್ ಫೋನುಗಳಲ್ಲಿ ಅದು ಪೂರ್ತಿ ದನಿ ಎತ್ತುವುದೂ ಇಲ್ಲ.) 1 ವೋಲ್ಟಿಗೆ ಎಚ್‌ಡಿ 600 ಸುಮಾರು 102 ಡೆಸಿಬೆಲ್ ಏರುತ್ತದೆ. ಈಗಿನ ಸಿನಿಮಾ ಹಾಡುಗಳನ್ನು ಅದರಲ್ಲಿ ಹತ್ತು ನಿಮಿಷ ಪೂರ್ತಿ ವಾಲ್ಯೂಮಿನಲ್ಲಿ ಕೇಳಿದರೆ ತಲೆ ಸುತ್ತುತ್ತದೆ. ತೀರಾ ಮೆಲ್ಲಗೆ ರೆಕಾರ್ಡ್ ಮಾಡಿದ ಶಾಸ್ತ್ರೀಯ ಕಛೇರಿಗಳಿಗೆ ಮಾತ್ರ ಇದು ಸಾಲದು.

ಎಚ್‌ಇ-6ಗೆ ಡಾಂಗಲ್ ಸಾಲದು ಎಂಬಲ್ಲಿಗೆ ತಾವೂ ನಾನೂ ಒಂದೇ ದಾರಿಯಲ್ಲಿದ್ದೇವೆ. ಕವಲು ಒಡೆಯುವುದು "ಹಾಗಾದರೆ ಯಾವುದು?" ಎಂಬಲ್ಲಿ.

2011ರಲ್ಲಿ ಎನ್‌ಡಬ್ಲ್ಯೂಎವಿಗೈ ಎಂಬ ಗುಪ್ತನಾಮದ ಹಿಂದೆ ಅಡಗಿದ್ದ ಒಬ್ಬ ಎಂಜಿನಿಯರ್, ತಮ್ಮಂಥವರ ಮೇಲಿನ ಸಿಟ್ಟಿಗೋ ಏನೋ, ಆಬ್ಜೆಕ್ಟಿವ್ 2 ಎಂಬ ಹೆಡ್‌ಫೋನ್ ಆಂಪ್ ವಿನ್ಯಾಸ ಮಾಡಿ ಅದರ ನಕ್ಷೆಯನ್ನು ಯಾರು ಬೇಕಾದರೂ ಕಟ್ಟಿಕೊಳ್ಳಲಿ ಎಂದು ಬಿಟ್ಟುಕೊಟ್ಟ. ಒಳಗೆ ಮ್ಯಾಜಿಕ್ ಏನೂ ಇಲ್ಲ. ದನಿ ಹಿಗ್ಗಿಸಲು ಎನ್‌ಜೆಎಂ2068 ಎಂಬ ಒಂದು ಐಸಿ, ಹೊರಗೆ ತಳ್ಳಲು ಎನ್‌ಜೆಎಂ4556 ಎಂಬ ಎರಡು ಐಸಿ, ಎರಡು 9 ವೋಲ್ಟಿನ ಬ್ಯಾಟರಿ, ಒಂದಷ್ಟು ರೆಸಿಸ್ಟರು, ಕೆಪಾಸಿಟರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಗಾಜಿನ ಕೌಂಟರಿನ ಹಿಂದೆ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ತುಂಬಿಟ್ಟಿರುತ್ತಾರಲ್ಲ, ಜೀರುಂಡೆಯಂಥ ಎಂಟು ಕಾಲಿನ ಕಪ್ಪು ಐಸಿಗಳು, ಆ ಕುಲದವು. ಅದೇ ಕುಲದ 5532 ಅಲ್ಲಿ ಬೈಟು ಕಾಫಿಯ ದುಡ್ಡಿಗೆ ಸಿಗುತ್ತದೆ. ಆಬ್ಜೆಕ್ಟಿವ್ 2ರ ಬೋರ್ಡಿನ ಬಿಡಿಭಾಗಗಳ ಖರ್ಚು ಆಗ 30 ಡಾಲರಿನ ಆಸುಪಾಸು. 600 ಓಮಿಗೆ ಅದು 88 ಮಿಲಿವ್ಯಾಟ್ ಕೊಡುತ್ತಿತ್ತು. ಮೊದಲ ಪಂಕ್ತಿಯ ಆ ಬೇಯರ್‌ಡೈನಾಮಿಕ್ ಅತಿಥಿಗೆ ಬೇಕಾದ್ದರ ಮೂರು ಪಟ್ಟಿಗೂ ಹೆಚ್ಚು. ಮಾಪನದಲ್ಲಿ ಅದರ ಡಿಸ್ಟಾರ್ಷನ್ (ದನಿಯ ವಿರೂಪ) ಮನುಷ್ಯನ ಕಿವಿಗೆ ನಿಲುಕದಷ್ಟು ಕಡಿಮೆ. 2012ರಲ್ಲಿ ಆ ಮನುಷ್ಯ ಇದ್ದಕ್ಕಿದ್ದಂತೆ ಕಾಣೆಯಾದ. ಮತ್ತೆ ಸುದ್ದಿಯಿಲ್ಲ. ತಮ್ಮ ಸಂಘದವರ ಕೈವಾಡ ಇರಲಿಕ್ಕಿಲ್ಲ ಎಂದೇ ನಂಬಿದ್ದೇನೆ.

ಅಲ್ಲಿಂದಾಚೆಗೆ ತಮ್ಮ ಕಷ್ಟಕಾಲ ಶುರುವಾಯಿತು. ಅದೇ 2012ರಲ್ಲಿ ಅಮೆರಿಕದ ಶಿಟ್ ಆಡಿಯೋದವರು ಮ್ಯಾಗ್ನಿ ಎಂಬ ಆಂಪನ್ನು 99 ಡಾಲರಿಗೆ ಬಿಟ್ಟರು. 2018ರಲ್ಲಿ ಜೆಡಿಎಸ್ ಲ್ಯಾಬ್ಸ್‌ನವರ ಆಟಮ್ ಬಂತು, ಅದಕ್ಕೂ 99 ಡಾಲರ್. ಆಟಮ್ 32 ಓಮಿಗೆ ಒಂದು ವ್ಯಾಟ್ ಕೊಡುತ್ತದೆ. ಅಂದರೆ ಅದರಲ್ಲಿ ಕನಿಷ್ಠ 5.6 ವೋಲ್ಟ್ ಇದೆ, 175 ಮಿಲಿಆಂಪಿಯರ್ ಕರೆಂಟು ಇದೆ. ಹುಡುಗನ ಎಚ್‌ಇ-6ಗೆ ಅದೇ ವೋಲ್ಟ್ ಹಾಕಿ ನೋಡಿದರೆ 640 ಮಿಲಿವ್ಯಾಟ್ ಆಗುತ್ತದೆ, 111 ಡೆಸಿಬೆಲ್ ದಾಟುತ್ತದೆ. ಲೆಕ್ಕ ಇಲ್ಲಿಗೆ ಮುಗಿಯಿತು. ಸಾಗಣೆ, ಸುಂಕ ಎಲ್ಲ ಸೇರಿದರೂ ತಾವು ಹೇಳಿದ ಮೊತ್ತದ ಕಂತಿನ ಬಡ್ಡಿಗಿಂತ ಕಡಿಮೆ.

"ವ್ಯಾಟ್ ಒಂದೇ ಅಲ್ಲಪ್ಪಾ, ಗುಣ ಅಂತ ಒಂದಿದೆ" ಎಂದು ತಾವು ಮೀಸೆಯಂಚಿನಲ್ಲಿ ನಗುವುದು ಇಲ್ಲಿಗೇ ಕಾಣಿಸುತ್ತಿದೆ. ಇದೆ. ಆ ಗುಣವನ್ನು ಅಳೆಯುವವರು ಈಗಿನ ಅಗ್ಗದ ಆಂಪುಗಳಲ್ಲಿ 0.001 ಶೇಕಡದ ಆಸುಪಾಸಿನ ಡಿಸ್ಟಾರ್ಷನ್ ಕಾಣುತ್ತಾರೆ. ಅದು ಹಾಡಿಗಿಂತ 100 ಡೆಸಿಬೆಲ್ ಕೆಳಗೆ. ತಮ್ಮ ದುಬಾರಿ ಆಂಪಿನಲ್ಲಿ 0.0003 ಇರಬಹುದು, 110 ಕೆಳಗೆ. ಹುಡುಗ ಕೇಳುವುದಾದರೂ ಏನನ್ನು? ಗಂಗೂಬಾಯಿಯವರು 30ರ ದಶಕದಲ್ಲಿ "ಗಾಂಧಾರಿ ಹುಬ್ಬಳ್ಳಿ" ಎಂಬ ಹೆಸರಿನಲ್ಲಿ ಕೊಟ್ಟ, ಒಂದು ಮಗ್ಗುಲಿಗೆ ಮೂರೂವರೆ ನಿಮಿಷದ ಅರಗಿನ ತಟ್ಟೆಗಳನ್ನು. ಮುಳ್ಳಿನ ಗರಗರ ಸದ್ದು ಆ ತಟ್ಟೆಗಳಲ್ಲಿ ಹಾಡಿಗಿಂತ ಮೂವತ್ತು ನಲವತ್ತು ಡೆಸಿಬೆಲ್ ಅಷ್ಟೇ ಕೆಳಗಿರುತ್ತದೆ. ಆ ಗರಗರದ ಸಾವಿರದ ಒಂದಂಶವೂ ಇಲ್ಲದ ಎರಡು ಡಿಸ್ಟಾರ್ಷನ್‌ಗಳಲ್ಲಿ ಯಾವುದು ಹೆಚ್ಚು ಸಂಗೀತಮಯ ಎಂದು ತೀರ್ಪು ಕೊಡುವುದು ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ.

ಆದರೂ ತಮಗೆ ವ್ಯತ್ಯಾಸ ಕೇಳಿಸಿದ್ದು ಸುಳ್ಳಲ್ಲ. ಅದಕ್ಕೆ ಕಾರಣಗಳಿವೆ, ಅವು ಆಂಪಿನ ಬೆಲೆಚೀಟಿಯಲ್ಲಿಲ್ಲ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿಕೊಟ್ಟಿದ್ದಾರೆ: ದನಿ ಮೆಲ್ಲಗಿದ್ದಾಗ ನಮ್ಮ ಕಿವಿಗೆ ಮಂದ್ರ ಸರಿಯಾಗಿ ಕೇಳುವುದಿಲ್ಲ, ದನಿ ಏರಿದಂತೆ ಮಂದ್ರ ತಾನಾಗಿಯೇ ತುಂಬಿಕೊಳ್ಳುತ್ತದೆ. ಹೊಸ ಆಂಪ್ ಹಳೆಯದಕ್ಕಿಂತ ಒಂದು ಡೆಸಿಬೆಲ್ ಜೋರಾಗಿದ್ದರೂ ಸಾಕು, "ಜೋರು" ಎಂದು ಗೊತ್ತಾಗುವ ಮೊದಲೇ "ಚೆನ್ನಾಗಿದೆ" ಎಂದು ಮನಸ್ಸು ಹೇಳಿಬಿಡುತ್ತದೆ. ಎರಡೂ ಆಂಪುಗಳ ದನಿಯನ್ನು ಮಲ್ಟಿಮೀಟರ್ ಹಿಡಿದು ಸಮ ಮಾಡಿ, ಯಾವುದು ಯಾವುದೆಂದು ತಿಳಿಯದ ಹಾಗೆ ಬದಲಾಯಿಸಿ ಕೇಳುವ ಒಂದು ಸಂಪ್ರದಾಯ ಉಂಟು. ತಾವು ಅದಕ್ಕೆ ಒಪ್ಪುವುದಿಲ್ಲ, ಪರೀಕ್ಷೆಯ ಆತಂಕದಲ್ಲಿ ಕಿವಿ ಮಂಕಾಗುತ್ತದೆ ಎನ್ನುತ್ತೀರಿ. ಅಡುಗೆಮನೆಯಲ್ಲಿದ್ದವರಿಗೆ ಆ ಆತಂಕ ಇರಲಿಲ್ಲ ಎಂಬುದನ್ನು ಗಮನಿಸಿದ್ದೇನೆ.

ಇನ್ನು ನಾಬಿನ ವಿಚಾರ. "ನೋಡು, ನನ್ನದು ಒಂಬತ್ತು ಗಂಟೆಗೇ ಕಿವಿ ಹರಿಯುತ್ತೆ, ಅಗ್ಗದ್ದನ್ನಾದರೆ ಎರಡು ಗಂಟೆಗೆ ತಿರುಗಿಸಬೇಕು" ಎಂದು ತಾವು ಹುಡುಗನಿಗೆ ತೋರಿಸಿದಿರಂತೆ. ನಾಬು ಎಲ್ಲಿ ನಿಂತಿದೆ ಎಂಬುದು ಗೇನ್ (ಸಿಗ್ನಲ್ಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು) ಎಷ್ಟಿದೆ ಎಂದು ಹೇಳುತ್ತದೆ, ಶಕ್ತಿ ಎಷ್ಟಿದೆ ಎಂದು ಹೇಳುವುದಿಲ್ಲ. ಡಿಜಿಟಲ್ ಹಾಡನ್ನು ವೋಲ್ಟಾಗಿಸುವ ಡ್ಯಾಕ್‌ನಿಂದ ಸಾಮಾನ್ಯವಾಗಿ 2 ವೋಲ್ಟ್ ಬರುತ್ತದೆ, ಎಚ್‌ಇ-6ಗೆ 4.7 ಬೇಕು, ಎರಡೂವರೆ ಪಟ್ಟು ಹಿಗ್ಗಿಸಿದರೆ ಕೆಲಸವಾಯಿತು. ಹತ್ತು ಪಟ್ಟು ಹಿಗ್ಗಿಸುವ ಆಂಪಿನಲ್ಲಿ ನಾಬು ಪೂರ್ತಿ ತಿರುಗುವ ಬಹಳ ಮೊದಲೇ ಬೊಬ್ಬೆ ಏಳುತ್ತದೆ, ಉಳಿದ ಭಾಗ ವ್ಯರ್ಥ. ಸಾಲದ್ದಕ್ಕೆ, ನಾಬಿನ ಆರಂಭದಲ್ಲಿ ಎಡಬಲ ಕಿವಿಗಳ ಸಮತೋಲ ಕೆಡುವುದು ಸಾಮಾನ್ಯ. ಎರಡು ಗಂಟೆಗೆ ನಿಂತ ನಾಬು ನಾಚಿಕೆಪಡಬೇಕಾದ್ದು ಏನೂ ಇಲ್ಲ.

ವ್ಯಾಲ್ವ್ ಆಂಪುಗಳ ಬಗ್ಗೆ ತಮ್ಮ ಅಭಿಮಾನ ನನಗೂ ಸ್ವಲ್ಪ ಇದೆ. ಕತ್ತಲ ಕೋಣೆಯಲ್ಲಿ ಆ ಕೆಂಡದ ಬಣ್ಣ ನೋಡಲು ಚೆಂದ. ಆದರೆ ಟ್ರಾನ್ಸ್‌ಫಾರ್ಮರ್ ಇಲ್ಲದ ವ್ಯಾಲ್ವ್ ಆಂಪುಗಳ ಔಟ್‌ಪುಟ್ ರೋಧ ನೂರು ಓಮಿನ ಮೇಲೇ ಇರುವುದುಂಟು. ಎಚ್‌ಡಿ 600ರ 300 ಓಮ್ ಮಂದ್ರದ ಒಂದು ಕಡೆ 500 ದಾಟುವುದರಿಂದ, 120 ಓಮಿನ ಆಂಪಿಗೆ ಅದನ್ನು ಜೋಡಿಸಿದರೆ ಅಲ್ಲಿ ಒಂದು ಡೆಸಿಬೆಲ್ಲಿನಷ್ಟು ಉಬ್ಬು ಬರುತ್ತದೆ. ತಾವು "ಬಿಸಿ ಬಿಸಿ ಮಾಧುರ್ಯ" ಎನ್ನುವುದರಲ್ಲಿ ಅದರ ಪಾಲು ದೊಡ್ಡದು. ಎಚ್‌ಇ-6 ಪ್ಲೇನರ್ ಜಾತಿಯದು. ಅದರ ರೋಧ ಕೆಳಗಿನಿಂದ ಮೇಲಿನವರೆಗೆ ಒಂದೇ ಸಮ. ಅದಕ್ಕೆ ಅದೇ ಆಂಪ್ ಕೊಟ್ಟರೆ ಆ ಉಬ್ಬು ಬರುವುದಿಲ್ಲ, ಶಕ್ತಿಯ ದೊಡ್ಡ ಪಾಲು ಆಂಪಿನಲ್ಲೇ ಬಿಸಿಯಾಗಿ ಹೋಗುತ್ತದೆ. ಹುಡುಗನಿಗೆ ತಾವು ಅಂಥ ವ್ಯಾಲ್ವ್ ಆಂಪನ್ನೂ ಶಿಫಾರಸು ಮಾಡಿದ್ದೀರಿ.

ತಮ್ಮ ಪರವಾಗಿ ಒಂದು ಮಾತು ಹೇಳದಿದ್ದರೆ ಅಧರ್ಮವಾದೀತು. ಹುಡುಗ ಈಕ್ವಲೈಜರಿನಲ್ಲಿ ಮಂದ್ರವನ್ನು 6 ಡೆಸಿಬೆಲ್ ಎತ್ತುವ ಚಟದವನಾದರೆ, ಅಲ್ಲಿ ಬೇಕಾಗುವ ಶಕ್ತಿ ನಾಲ್ಕು ಪಟ್ಟು. 450 ಮಿಲಿವ್ಯಾಟ್ ಹೋಗಿ 1.8 ವ್ಯಾಟ್ ಆಗುತ್ತದೆ, ಆಟಮ್ ಅಲ್ಲಿ ಕೈಕಟ್ಟಿ ನಿಲ್ಲುತ್ತದೆ. ಆಗಲೂ ಲಕ್ಷದ ಮಾತು ಬರುವುದಿಲ್ಲ. ಎಚ್‌ಇ-6 ಬಂದ ಕಾಲದಿಂದಲೂ ಅದರ ಭಕ್ತರು ಸ್ಪೀಕರಿನ ಆಂಪ್ಲಿಫೈಯರಿಗೇ ಅದನ್ನು ಕಟ್ಟಿದ್ದಾರೆ. ಅದಕ್ಕೂ ಮುಂಚೆ, 1989ರಲ್ಲಿ ವಿಯೆನ್ನಾದ ಎಕೆಜಿಯವರು ಕೆ1000 ಎಂಬುದನ್ನು ತಂದಿದ್ದರು. ಒಂದು ಮಿಲಿವ್ಯಾಟಿಗೆ 74 ಡೆಸಿಬೆಲ್, 110 ಮುಟ್ಟಲು 4 ವ್ಯಾಟ್! ಅದನ್ನು ಸ್ಪೀಕರ್ ಆಂಪಿಗೆ ಜೋಡಿಸುವುದೇ ವಾಡಿಕೆಯಾಗಿತ್ತು. ಅಟ್ಟದ ಮೇಲಿನ ಹಳೆಯ 30 ವ್ಯಾಟಿನ ಸ್ಟೀರಿಯೋ ಆಂಪ್ ಕೂಡ 50 ಓಮಿಗೆ ನಾಲ್ಕೂವರೆ ವ್ಯಾಟಿನ ಮೇಲೆ ಕೊಡಬಲ್ಲದು. ಅದರ ಮುಂಬದಿಯ ಹೆಡ್‌ಫೋನ್ ತೂತಿನಲ್ಲಿ ಮಾತ್ರ ಹುಡುಕಬಾರದು, ಅಲ್ಲಿ ನೂರಾರು ಓಮಿನ ರೆಸಿಸ್ಟರ್ ಅಡ್ಡ ಕೂತಿರುತ್ತದೆ. ಹಿಂಬದಿಯ ಸ್ಪೀಕರ್ ಟರ್ಮಿನಲ್ಲಿಗೆ ಹೋಗಬೇಕು.

ಇಲ್ಲೊಂದು ಅಪಾಯವಿದೆ, ಅದನ್ನು ತಾವು ಹುಡುಗನಿಗೆ ಹೇಳಲಿಲ್ಲ. ಈಗ ಅಗ್ಗಕ್ಕೆ ಸಿಗುವ ಅಂಗೈಯಗಲದ ಕ್ಲಾಸ್ ಡಿ ಆಂಪುಗಳಲ್ಲಿ ಬಹುಪಾಲಿನವುಗಳ ಕಪ್ಪು ಟರ್ಮಿನಲ್ ನೆಲಕ್ಕೆ ಸೇರಿರುವುದಿಲ್ಲ, ಅದರಲ್ಲೂ ಸಿಗ್ನಲ್ ಓಡುತ್ತಿರುತ್ತದೆ. ಎಡಬಲಗಳ ಕಪ್ಪು ತಂತಿಗಳನ್ನು ಒಟ್ಟು ಸೇರಿಸಿದ ಮೂರು ತಂತಿಯ ಮಾಮೂಲಿ ಪಿನ್ನನ್ನು ಅದಕ್ಕೆ ಕಟ್ಟಿದರೆ ಶಾರ್ಟ್ ಆಗಿ ಆಂಪ್ ಸುಟ್ಟುಹೋಗಬಹುದು. ಎಡಕ್ಕೆರಡು ಬಲಕ್ಕೆರಡು, ನಾಲ್ಕೂ ಬೇರೆ ಬೇರೆ ತಂತಿಯ ಕೇಬಲ್ ಇದ್ದರೆ ಮಾತ್ರ ಈ ದಾರಿ. ಎಚ್‌ಇ-6ರ ಕೇಬಲ್ ಬಿಚ್ಚಿ ಬದಲಾಯಿಸಬಹುದಾದ್ದರಿಂದ ಅದು ಕಷ್ಟವಲ್ಲ. ವಾಲ್ಯೂಮ್ ಸೊನ್ನೆಗೆ ತಂದು, ಪ್ಲೇ ಒತ್ತಿ, ಆಮೇಲೆ ತಲೆಗೆ ಹಾಕಿಕೊಳ್ಳುವುದು ಕ್ಷೇಮ.

ಬ್ಯಾಲೆನ್ಸ್ಡ್ ಔಟ್‌ಪುಟ್, ಬೆಳ್ಳಿಯ ತಂತಿ, ಇನ್ನೂರು ಗಂಟೆ ಓಡಿಸಿ ಕುದುರಿಸುವುದು, ಇವುಗಳ ಬಗ್ಗೆ ಬರೆಯಲು ಕಾಗದ ಸಾಲದು. ಮೊದಲನೆಯದು ವೋಲ್ಟನ್ನು ಎರಡು ಪಟ್ಟು ಮಾಡುವುದರಿಂದ ಕೆಲವೊಮ್ಮೆ ಪ್ರಯೋಜನಕ್ಕೆ ಬರುತ್ತದೆ. ಉಳಿದೆರಡರಿಂದ ಯಾರಿಗೆ ಪ್ರಯೋಜನ ಎಂಬುದು ಮಾರುವವರಿಗೆ ಗೊತ್ತು.

ಆದ್ದರಿಂದ ತಮ್ಮಲ್ಲಿ ಅರಿಕೆ ಇಷ್ಟೇ. ಇನ್ನು ಮುಂದೆ ಯಾರಾದರೂ ಹುಡುಗರು ಹೆಡ್‌ಫೋನ್ ಹಿಡಿದು ತಮ್ಮ ಬಾಗಿಲಿಗೆ ಬಂದರೆ, ಕಣ್ಣು ಮುಚ್ಚುವ ಮೊದಲು ಎರಡೇ ಪ್ರಶ್ನೆ ಕೇಳಿ: ಎಷ್ಟು ಓಮ್, ಒಂದು ಮಿಲಿವ್ಯಾಟಿಗೆ ಎಷ್ಟು ಡೆಸಿಬೆಲ್? ಉತ್ತರ ಬಂದ ಮೇಲೆ ಕ್ಯಾಲ್ಕ್ಯುಲೇಟರ್ ಒತ್ತಲು ತಗಡಿನ ಕಿವಿಯವರೂ ಸಾಕು, ಬಂಗಾರಕ್ಕೆ ತೊಂದರೆ ಕೊಡುವುದು ಬೇಡ. ನಮ್ಮ ಹುಡುಗ ಲೋನಿನ ಅರ್ಜಿ ಹರಿದುಹಾಕಿದ್ದಾನೆ. ಅಗ್ಗದ ಆಂಪನ್ನೇ ತರಿಸುತ್ತಿದ್ದಾನೆ.

ಇಂತಿ ತಮ್ಮ ವಿಧೇಯ,
ತಗಡಿನ ಕಿವಿಯವನು

ತಾ.ಕ.: ಅಮೆರಿಕದಿಂದ ಬರುವ ನೆಂಟರ ಕೈಯಲ್ಲಿ ಇಂಥ ಆಂಪ್ ತರಿಸುವವರು ಅದರ ಅಡಾಪ್ಟರನ್ನು ಮೊದಲು ತಿರುಗಿಸಿ ಓದಬೇಕು. ಇವು ಫೋನ್ ಚಾರ್ಜರಿನ ಹಾಗೆ ಎಲ್ಲ ದೇಶಕ್ಕೂ ಹೊಂದಿಕೊಳ್ಳುವಂಥವಲ್ಲ, ಒಳಗೆ ತೂಕದ ಟ್ರಾನ್ಸ್‌ಫಾರ್ಮರ್ ಇರುತ್ತದೆ. 120 ವೋಲ್ಟ್ ಎಂದು ಬರೆದದ್ದನ್ನು ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಹಾಕಿದರೆ ಅದು ಸುಟ್ಟುಹೋಗುತ್ತದೆ. ಆರ್ಡರ್ ಮಾಡುವಾಗಲೇ 230 ವೋಲ್ಟಿನದನ್ನು ಕೇಳಿ ಪಡೆಯಿರಿ.